ಮಾತು ಬಿಟ್ಟ ಮನೆ

ಜೂನ್ ೯

ಅಮ್ಮನಿಗೆ,

ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಇವತ್ತು ಆ ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಗಿಲಕಿ ಮಾತು ಬಿಟ್ಟಿದ್ದಾಳೆ.

ಹೆದರಬೇಡ, ನಾಲಿಗೆಗೇನೂ ಆಗಿಲ್ಲ. ಶಾಲೆಯಲ್ಲಿ ಮಾತಾಡುತ್ತಾಳೆ, ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಹರಟುತ್ತಾಳೆ, ಅವರಪ್ಪ ಲಾರಿಯಿಂದ ಫೋನ್ ಮಾಡಿದರೆ ಫೋನು ಬಿಸಿಯಾಗುವವರೆಗೆ ಬಿಡುವುದಿಲ್ಲ. ಬಿಟ್ಟಿರುವುದು ನನ್ನೊಬ್ಬಳ ಜೊತೆ. ತೊಟ್ಟಿಲಲ್ಲೇ ಅಷ್ಟು ಸದ್ದು ಮಾಡುತ್ತಿದ್ದಳು ಎಂದು ಗಿಲಕಿ ಅಂತ ಹೆಸರಿಟ್ಟವಳು ನೀನು. ಅದೇ ಗಿಲಕಿ ಈಗ ಹದಿಮೂರು ತುಂಬಿ ನನ್ನ ಎದುರು ಕಲ್ಲಿನ ಹಾಗೆ ಕೂತು ಊಟ ಮಾಡುತ್ತಾಳೆ.

ಶುರು ಮಾಡಿದವಳು ನಾನೇ. ಒಂದು ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಸಿ ಎಲ್ಲರೂ ಬಾಗಿಲಲ್ಲಿ ನಿಂತಿದ್ದೆವು. ಸಭಾಪಾಲಕರ ಹೆಂಡತಿ ನನ್ನ ಕೈ ಹಿಡಿದು, "ನೀವು ಎಷ್ಟು ತನ್ಮಯವಾಗಿ ಪ್ರಾರ್ಥನೆ ಮಾಡ್ತೀರಿ, ನೋಡೋಕೇ ಸಂತೋಷ" ಎಂದರು. ಅದಕ್ಕೆ ಗಿಲಕಿ, "ಆಂಟಿ, ಅದು ಪ್ರಾರ್ಥನೆ ಅಲ್ಲ, ನಿದ್ದೆ. ಗೊರಕೆ ಶುರುವಾದ್ರೆ ಚಿವುಟೋ ಕೆಲ್ಸ ನಂದು" ಅಂದುಬಿಟ್ಟಳು. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ವಾರವೆಲ್ಲ ಅಂಗಡಿಯಲ್ಲಿ ಎರಡು ಪಾಳಿ ಕನ್ನಡಕದ ಗಾಜು ಉಜ್ಜಿ ಬಂದಿದ್ದೆ, ನಿದ್ದೆ ಬಂದದ್ದು ನಿಜ. ನಿಜವಾದ್ದರಿಂದಲೇ ಮೈಯೆಲ್ಲ ಉರಿಯಿತು. ಮನೆಗೆ ಬಂದು ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟೆ. ತಟ್ಟೆ ಇಟ್ಟೆ, ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕಿದೆ, ಬಾಯಿ ಮಾತ್ರ ತೆರೆಯಲಿಲ್ಲ. "ಸಾರಿ ಅಮ್ಮ" ಅಂದಳು, ಅತ್ತಳು, ತೋಳು ಹಿಡಿದು ಜಗ್ಗಿದಳು. ನಾನು ಗೋಡೆ ನೋಡಿದೆ. ಮುಂದಿನ ಭಾನುವಾರ ನನ್ನ ಸಿಟ್ಟು ಇಳಿದು "ಬಾ, ತಲೆ ಬಾಚ್ತೀನಿ" ಎಂದರೆ, ಬಸ್ ನಿಲ್ದಾಣದಲ್ಲಿ ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ನನ್ನನ್ನು ನೋಡಿ ತಾನೇ ಬಾಚಿಕೊಂಡಳು. ಅವತ್ತಿನಿಂದ ಹೀಗೇ.

ಆ ಮುಖ ನನಗೆ ಗೊತ್ತು ಅಮ್ಮ. ತುಟಿ ಒಳಕ್ಕೆಳೆದುಕೊಂಡು ಕೈಗೆ ಸಿಕ್ಕ ಕೆಲಸದಲ್ಲಿ ಮುಳುಗಿಬಿಡುವ ಮುಖ. ನಿನ್ನದು ಅದು. "ನಿಮ್ಮ ಮನೆತನದ ಆಸ್ತಿ ಅದೊಂದೇ, ಪಾಲಾಗದೆ ಮೊಮ್ಮಗಳವರೆಗೆ ಬಂತಲ್ಲೇ" ಎಂದು ಇವರು ಫೋನಿನಲ್ಲಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಹೋದ ವಾರದ ಪ್ರಸಂಗ ಬಿತ್ತುವುದು ಕೊಯ್ಯುವುದರ ಮೇಲಿತ್ತು. ಮನುಷ್ಯರನ್ನು ಏಮಾರಿಸಬಹುದು, ದೇವರನ್ನು ಆಗುವುದಿಲ್ಲ, ಯಾವ ಬೀಜ ಹಾಕಿದೆಯೋ ಅದರದೇ ತೆನೆ ನಿನ್ನ ಮಡಿಲಿಗೆ ಬೀಳುತ್ತದೆ ಎಂದು ಸಭಾಪಾಲಕರು ಹೇಳುತ್ತಿದ್ದರು. ಅವತ್ತು ನಿದ್ದೆ ಹತ್ತಿರ ಸುಳಿಯಲಿಲ್ಲ.

ಈಗ ನನ್ನ ಪ್ರಶ್ನೆ. ಈ ವಿದ್ಯೆಯಲ್ಲಿ ನಿನಗಿಂತ ಬಲ್ಲವರು ನನಗೆ ಗೊತ್ತಿಲ್ಲ. ನೀನು ಮಾತು ಬಿಟ್ಟಾಗ ನಿನ್ನೊಳಗೆ ಏನು ನಡೆಯುತ್ತಿತ್ತು? ನಾವು ಏನು ಮಾಡಿದ್ದರೆ ನೀನು ಬೇಗ ಮಾತಾಡುತ್ತಿದ್ದೆ? ಫೋನಿನಲ್ಲಿ ಕೇಳೋಣವೆಂದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಹೆಡ್‌ಫೋನ್ ಹಾಕಿ ನಿನ್ನ ಕಿವಿ ಕೂತುಹೋಗಿದೆ. ನಾನು ಕಿರುಚಿ ಕೇಳಬೇಕು, ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಕಾಗದ.

ಉತ್ತರಕ್ಕೆ ಕಾಯುವ,
ನಿನ್ನ ಮಗಳು


ಜೂನ್ ೧೬

ಮಗಳೇ,

ನಿನ್ನ ಕಾಗದ ತಲುಪಿತು. ಈ ವಯಸ್ಸಿನಲ್ಲಿ ನನಗೆ ಇಂಥದ್ದೊಂದು ಸರ್ಟಿಫಿಕೇಟು ಬರುತ್ತದೆ ಅಂದುಕೊಂಡಿರಲಿಲ್ಲ. ತುಂಬ ಸಂತೋಷ.

ನಾನು ಸುಮ್ಮನಿರುತ್ತಿದ್ದದ್ದು ನಿಜ. ನಮ್ಮ ಬೀದಿಯಲ್ಲಿ ಸೌಟು ಹಿಡಿದು ಮಕ್ಕಳನ್ನು ಅಟ್ಟಾಡಿಸಿಕೊಂಡು ಹೊಡೆಯುವ ತಾಯಂದಿರಿದ್ದರು. ನಿನ್ನ ಮೈಮೇಲೆ ಒಂದು ಬರೆ ಇದ್ದರೆ ತೋರಿಸು. ಊರಿನವರ ಟ್ರಂಕ್ ಕಾಲು ಜೋಡಿಸಿ, ಅವರ ಬೈಗುಳ ಕೇಳಿ ಮನೆಗೆ ಬಂದವಳಿಗೆ ಬಾಯಿ ಮುಚ್ಚಿಕೊಂಡಿರುವ ಹಕ್ಕಾದರೂ ಬೇಡವೇ?

ಮಕ್ಕಳು ಮುನಿಸಿಕೊಳ್ಳುತ್ತಾರೆ, ಹೊಟ್ಟೆ ಹಸಿದಾಗ ತಾವೇ ಬರುತ್ತಾರೆ. ಬಿತ್ತುವುದು ಕೊಯ್ಯುವುದನ್ನು ಹೇಳಿಕೊಡಲು ಸಭಾಪಾಲಕರಿಗೆ ಸಂಬಳವಿದೆ. ನೀನು ಗಾಜು ಉಜ್ಜು.

ಮೊಮ್ಮಗಳಿಗೆ ಆಶೀರ್ವಾದ.

ಇಂತು,
ನಿನ್ನ ತಾಯಿ


ಜೂನ್ ೨೯

ಅಮ್ಮ,

ಬೈಯುವುದಾದರೂ ಬೈದೆಯಲ್ಲ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಹಸಿದಾಗ ಬರುತ್ತಾಳೆ ಎಂದೆ. ಬರುವುದಿಲ್ಲ. ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿಟ್ಟೆ, ಅರ್ಧ ತಿಂದು ತಟ್ಟೆ ತೊಳೆದಿಟ್ಟು ಎದ್ದಳು. ಏನಾದರೂ ಹೇಳಬೇಕಾದರೆ ಟೈಲರಮ್ಮನ ಕೈಲಿ ಹೇಳಿಸುತ್ತಾಳೆ. ಮೊನ್ನೆ ಆಕೆ ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಬಂದು, "ನಾಳೆ ಶಾಲೇಲಿ ಪೋಷಕರ ಸಭೆಯಂತೆ ಕಣಮ್ಮ, ಬರ್ಬೇಕಂತೆ" ಎಂದು ಮುಖ ತಗ್ಗಿಸಿ ಹೋದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಿನಗೆ ನೆನಪಿದೆಯೋ ಇಲ್ಲವೋ. "ನಿಮ್ಮಪ್ಪನಿಗೆ ಹೇಳು ಊಟಕ್ಕೆ ಬರ್ಲಿ ಅಂತ" ಎಂದು ನೀನು ನನ್ನ ಕೈಲಿ ಹೇಳಿಸುತ್ತಿದ್ದೆ. ಅಪ್ಪ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದರು. ನಾನು ಹೋಗಿ "ಅಪ್ಪಾ, ಊಟಕ್ಕೆ ಬರ್ಬೇಕಂತೆ" ಎನ್ನಬೇಕು. "ಬಂದೆ ಅಂತ ಹೇಳಮ್ಮ" ಎನ್ನುತ್ತಿದ್ದರು. ಆ ಮನೆಯ ಎಕ್ಸ್‌ಚೇಂಜು ನಾನು. ನನಗೆ ಹೆಡ್‌ಫೋನ್ ಒಂದು ಇರಲಿಲ್ಲ ಅಷ್ಟೆ.

ಜಗಳಕ್ಕೆ ಹೇಳುತ್ತಿಲ್ಲ ಅಮ್ಮ. ಭಯಕ್ಕೆ ಹೇಳುತ್ತಿದ್ದೇನೆ. ಅವಳ ಮುಖ ಬಿಳಚಿಕೊಂಡಿದೆ. ಶಾಲೆಯಿಂದ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇದು ಬರೀ ಮುನಿಸೋ, ಅದರ ಹಿಂದೆ ಇನ್ನೇನಾದರೂ ಇದೆಯೋ ಗೊತ್ತಾಗುತ್ತಿಲ್ಲ. ಯಾರಾದರೂ ಏನಾದರೂ ಅಂದರೇ? ಮೈ ಸರಿಯಿಲ್ಲವೇ? ಕೇಳಿದರೆ ತುಟಿ ಇನ್ನೂ ಒಳಗೆ ಹೋಗುತ್ತದೆ. ನಾಲ್ಕು ಸಲ ಕೇಳಿದೆ, ಐದನೆಯ ಸಲ ನನಗೇ ಅಭಿಮಾನ ಅಡ್ಡ ಬಂತು. ಈಗ ನಾನೂ ಕೇಳುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತೇವೆ.

ನನಗೆ ಬುದ್ಧಿ ಹೇಳಬೇಡ. ಉಪಾಯ ಹೇಳು.

ನಿನ್ನ ಮಗಳು


ಜುಲೈ ೧೪

ಅಮ್ಮ,

ಉತ್ತರವಿಲ್ಲ. ಹಾಗಾದರೆ ನೀನೂ ಮಾತು ಬಿಟ್ಟೆ ಎಂದು ತಿಳಿದುಕೊಳ್ಳಲೇ? ಅತ್ತ ತಾಯಿ, ಇತ್ತ ಮಗಳು, ನಡುವೆ ನಾನು. ಅತ್ತ ದರಿ ಇತ್ತ ಪುಲಿ ಎಂದು ಶಾಲೆಯಲ್ಲಿ ಉರು ಹೊಡೆದಿದ್ದೆ, ಅರ್ಥ ಈಗ ಆಯಿತು.

ನಿನ್ನೆ ಅಂಗಡಿಯಲ್ಲಿ ಒಬ್ಬರ ಗಾಜನ್ನು ಅಡ್ಡಕ್ಕೆ ತಿರುಗಿಸಿ ಫ್ರೇಮಿಗೆ ಕೂರಿಸಿಬಿಟ್ಟೆ. ಹಾಕಿಕೊಂಡು ಹೋದ ಮೇಷ್ಟ್ರು ವಾಪಸು ಬಂದು, "ನೆಲ ಎಲ್ಲಾ ಇಳಿಜಾರಾಗಿ ಕಾಣ್ತಿದೆ, ಮೆಟ್ಟಿಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ" ಎಂದರು. ಯಜಮಾನರು ಗಾಜನ್ನು ನನ್ನ ಮುಂದೆ ಇಟ್ಟು ಹೋದರು. ನನ್ನ ಸ್ಥಿತಿಯೂ ಆ ಮೇಷ್ಟ್ರದ್ದೇ.

ಬೈದಾದರೂ ಬರಿ.

ನಿನ್ನ ಮಗಳು


ಜುಲೈ ೧೯

ಮಗಳೇ,

ಮಾತು ಬಿಟ್ಟಿರಲಿಲ್ಲ. ಬರೆದು ಬರೆದು ಹರಿದು ಹಾಕುತ್ತಿದ್ದೆ. ಕಾಗದದ ಅಂಗಡಿಯವನು, "ಏನಜ್ಜಿ, ಕಾದಂಬರಿನಾ?" ಎಂದ. ನಿನ್ನ ಎರಡನೆಯ ಪತ್ರಕ್ಕೆ ಉತ್ತರ ಬರೆಯಲು ಹೊರಟರೆ ನಿಮ್ಮಪ್ಪ ಕಣ್ಣ ಮುಂದೆ ಬಂದು ಕೂರುತ್ತಾರೆ.

ಉಪಾಯ ಕೇಳಿದ್ದೀಯ, ಉಪಾಯವನ್ನೇ ಹೇಳುತ್ತೇನೆ. ಮಾತು ಬಿಡುವುದು ಸುಲಭ. ಮೊದಲ ದಿನ ಸಿಟ್ಟಿರುತ್ತದೆ, ಅದರ ಬಲದಲ್ಲಿ ನಡೆಯುತ್ತದೆ. ಎರಡು ದಿನ ಕಳೆದರೆ ಸಿಟ್ಟು ಆರಿಹೋಗಿರುತ್ತದೆ, ಯಾಕೆ ಬಂತು ಎಂಬುದೂ ಸರಿಯಾಗಿ ನೆನಪಿರುವುದಿಲ್ಲ. ಆದರೆ ಆಗ ಬಾಯಿ ತೆರೆದರೆ ಸೋತ ಹಾಗೆ. ಯಾರಾದರೂ "ಯಾಕೆ ಮಾತಾಡಲ್ಲ, ಏನಾಯ್ತು" ಎಂದು ಕೇಳಿದರೆ ಬೀಗ ಇನ್ನೊಂದು ಸುತ್ತು ತಿರುಗುತ್ತದೆ. ಒಳಗೆ ಏನು ನಡೆಯುತ್ತಿತ್ತು ಎಂದು ಕೇಳಿದೆಯಲ್ಲ, ಇದು ನಡೆಯುತ್ತಿತ್ತು: ಯಾರಾದರೂ ನನ್ನನ್ನು ಹೊರಗೆ ತರಲಿ, ಆದರೆ ತಂದದ್ದು ನನಗೆ ಗೊತ್ತಾಗದಿರಲಿ.

ನಿಮ್ಮಪ್ಪ ಏನು ಮಾಡುತ್ತಿದ್ದರು ಗೊತ್ತೇ? ತಪ್ಪು ಮಾಡುತ್ತಿದ್ದರು. ನಾನು ಮಾತು ಬಿಟ್ಟ ಮೂರನೆಯ ದಿನವೋ ನಾಲ್ಕನೆಯ ದಿನವೋ ಹಾಲಿಗೆ ಸಕ್ಕರೆ ಅಂತ ಉಪ್ಪಿನ ಡಬ್ಬಿ ಎತ್ತುತ್ತಿದ್ದರು. "ಅಯ್ಯೋ, ಅದು ಉಪ್ಪು ರೀ!" ಅಂದುಬಿಡುತ್ತಿದ್ದೆ. ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು ಕೆಲಸಕ್ಕೆ ಹೊರಟರು. ಮತ್ತೊಂದು ಸಲ ಚಿಕ್ಕಮ್ಮನ ಮದುವೆಯ ಇಸವಿಯನ್ನು ಬಂದವರ ಎದುರು ತಪ್ಪು ಹೇಳಿದರು. ಪಾಪ, ಮನುಷ್ಯ ಒಳ್ಳೆಯವರು, ಸ್ವಲ್ಪ ಮಂಕು ಎಂದು ಅವರು ಇರುವವರೆಗೂ ಅಂದುಕೊಂಡಿದ್ದೆ. ಸತ್ತ ಮೇಲೂ ಅಂದುಕೊಂಡಿದ್ದೆ. ನಿನ್ನ ಕಾಗದಕ್ಕೆ ಉತ್ತರ ಹುಡುಕುತ್ತ ಕೂತಾಗ ಮೊದಲ ಬಾರಿಗೆ ಅನುಮಾನ ಬಂತು. ಆ ಮನುಷ್ಯ ಬ್ಯಾಂಕಿನಲ್ಲಿ ಒಂದು ಸಲವೂ ಕೂಡಿಸುವುದರಲ್ಲಿ ತಪ್ಪಿದವರಲ್ಲ. ಮನೆಗೆ ಬಂದರೆ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ಗೊತ್ತಾಗದೇ ಹೋಗುತ್ತದೆಯೇ? ಎರಡು ದಿನ ಅತ್ತೆ. ಈಗ ಯಾರನ್ನು ಕೇಳಲಿ?

ಇನ್ನೊಂದು ಮಾತು, ಇದನ್ನು ನಿನ್ನ ಪ್ರಸಂಗದವರಿಗೂ ಹೇಳು. ನನ್ನ ತಾಯಿಯ ಕೈ ಕೆಟ್ಟದ್ದು. ಒಲೆಯಲ್ಲಿದ್ದ ಕೊಳ್ಳಿಯಲ್ಲೂ ಹೊಡೆದಿದ್ದಾಳೆ. ನನಗೆ ಮಗಳು ಹುಟ್ಟಿದರೆ ಕೈ ಎತ್ತುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟಿದ್ದೆ. ಸಿಟ್ಟು ಬಂದಾಗ ಬಾಯಿ ತೆರೆದರೆ ಕೈಯೂ ಏಳುತ್ತದೆ ಎಂಬ ಭಯ. ಅದಕ್ಕೇ ಎರಡನ್ನೂ ಕಟ್ಟಿಹಾಕಿಕೊಂಡೆ. ಒಳ್ಳೆಯ ಬೀಜ ಎಂದೇ ಬಿತ್ತಿದೆ ಕಣೇ. ಬೆಳೆ ಹೀಗೆ ಬಂತು.

ಅವಳ ಎದುರು ತಪ್ಪು ಮಾಡು. ಅವಳು ಸುಮ್ಮನೆ ನೋಡಲಾರದಂಥ ತಪ್ಪು. ತಿದ್ದಲು ಬಾಯಿ ತೆರೆಯುತ್ತಾಳೆ. ತೆರೆದಾಗ "ಅಬ್ಬಾ, ಮಾತಾಡಿದ್ಯಾ!" ಎಂದು ಹಲ್ಲು ಬಿಡಬೇಡ, ಕೆಟ್ಟುಹೋಗುತ್ತದೆ.

ನಿನಗಾಗಿ ಪ್ರಾರ್ಥಿಸುವ,
ಅಮ್ಮ


ಆಗಸ್ಟ್ ೩

ಅಮ್ಮ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಅಪ್ಪನ ವಿಷಯ ಓದಿ ನಾನೂ ಅತ್ತೆ. ನಿನಗೆ ಬಂದದ್ದು ಅನುಮಾನ, ನನಗೆ ಅನುಮಾನವೇ ಇಲ್ಲ. ಉಪ್ಪಿನ ಡಬ್ಬಿ ಎತ್ತುವ ಮುಂಚೆ ಒಂದು ಸಲ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ದರು. ಸುಮ್ಮನೆ ತಮಾಷೆಗೆ ಅಂದುಕೊಂಡಿದ್ದೆ.

ಉಪಾಯ ನಡೆಯುತ್ತಿದೆ. ಸ್ವೆಟರನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡು ಅಂಗಡಿಗೆ ಹೊರಟೆ. ಅವಳು ಓಡಿಬಂದು ತೋಳು ಹಿಡಿದು ನಿಲ್ಲಿಸಿ, ಬಿಚ್ಚಿಸಿ, ಸರಿಮಾಡಿ ಹಾಕಿದಳು. ಮಾತಿಲ್ಲ! ಆದರೆ ಅಮ್ಮ, ಮುಟ್ಟಿದಳು. ಭಾನುವಾರ ಟೈಲರಮ್ಮನ ಎದುರು "ನಮ್ಮ ಗಿಲಕಿ ಆರನೇ ಕ್ಲಾಸು" ಎಂದೆ. ತುಟಿ ನಡುಗಿತು. ಎಂಟು ಎಂಬ ಮಾತು ಹಲ್ಲಿನವರೆಗೆ ಬಂದದ್ದನ್ನು ಕಂಡೆ, ನುಂಗಿಕೊಂಡಳು. ಇನ್ನೊಂದು ವಾರ ಸಾಕು ಅನ್ನಿಸುತ್ತದೆ.

ಎರಡು ದಿನದಿಂದ ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದಾಳೆ. ಆ ತಿಂಗಳ ನೋವಿರಬೇಕು, ಈ ವಯಸ್ಸಿಗೆ ಸಹಜ. ಕೇಳಿದರೆ ಬೀಗ ತಿರುಗುತ್ತದೆ ಎಂದೆಯಲ್ಲ, ಕೇಳಲಿಲ್ಲ. ಬಿಸಿನೀರಿನ ಚೀಲ ತುಂಬಿ ಕೋಣೆಯ ಬಾಗಿಲಲ್ಲಿ ಇಟ್ಟು ಬಂದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಲ್ಲಿರಲಿಲ್ಲ, ಒಳಗೆ ತೆಗೆದುಕೊಂಡಿದ್ದಳು. ಅಷ್ಟಕ್ಕೇ ನನಗೆ ಹಬ್ಬವಾದಂತಾಯಿತು.

ಆಸೆಯಿಂದಿರುವ,
ನಿನ್ನ ಮಗಳು


ಆಗಸ್ಟ್ ೭

ಪೂಜ್ಯ ಅತ್ತೆಯವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ನಾನು ಬಾಯಿಬಡುಕ, ಬರೆಯುವುದು ಬಾರದು. ಫೋನ್ ಮಾಡಿದೆ, ನಿಮಗೆ ಕೇಳಿಸಲಿಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಹೇಳಿದರೆ ಅವರು ಅರ್ಧಂಬರ್ಧ ಹೇಳಿ ನಿಮ್ಮನ್ನು ಇನ್ನೂ ಗಾಬರಿ ಮಾಡಿದರು. ಅದಕ್ಕೆ ನನ್ನ ಸ್ನೇಹಿತನ ಲಾರಿಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಗಿಲಕಿ ಆಸ್ಪತ್ರೆಯಲ್ಲಿದ್ದಾಳೆ. ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ಅಪೆಂಡಿಕ್ಸ್ ಒಳಗೇ ಒಡೆದುಹೋಗಿತ್ತು. ಆಪರೇಷನ್ ಆಗಿದೆ, ಪ್ರಾಣ ಇದೆ, ಜ್ವರ ಬಿಟ್ಟಿಲ್ಲ. ಇನ್ನೂ ಏನೂ ಹೇಳುವ ಹಾಗಿಲ್ಲ ಅನ್ನುತ್ತಾರೆ. ನಾನು ಅರ್ಧ ದಾರಿಯಲ್ಲಿ ಗಾಡಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದೆ.

"ನೋವು ಯಾವಾಗ ಶುರುವಾಯ್ತು?" ಅಂತ ಡಾಕ್ಟರು ನಿಮ್ಮ ಮಗಳನ್ನು ಕೇಳಿದರು. ಅವಳಿಗೆ ಗೊತ್ತಿಲ್ಲ. "ಶಾಖ ಕೊಟ್ಟೋರು ಯಾರು? ಇಂಥ ನೋವಿಗೆ ಶಾಖ ಕೊಡ್ತಾರಾ? ಒಂದು ಮಾತು ಮಗೂನ ಕೇಳ್ಬಾರ್ದಿತ್ತಾ?" ಅಂದರು.  ನಿಮ್ಮ ಮಗಳ ಕೈಗೆ ಪೆನ್ನು ಕೊಟ್ಟರೆ ಹಿಡಿಯುತ್ತಿಲ್ಲ.

ಮಗುವಿಗೆ ಎಚ್ಚರ ಬಂದಿದೆ. ನರ್ಸಿನ ಹತ್ತಿರ ಹ್ಞೂಂ ಉಹ್ಞೂಂ ಅನ್ನುತ್ತಾಳೆ. ಅಮ್ಮ ಒಳಗೆ ಬಂದರೆ ಕಣ್ಣು ಮುಚ್ಚುತ್ತಾಳೆ. ಅತ್ತೆ, ನಾನು ನಿಮ್ಮ ಮನೆಯವರ ಈ ಗುಣಕ್ಕೆ ಇಷ್ಟು ದಿನ ನಗುತ್ತಿದ್ದೆ. ಇನ್ನು ನಗುವುದಿಲ್ಲ.

ನಿಮಗೆ ತೋಚಿದ್ದು ಮಾಡಿ. ಲಾರಿ ನಾಳೆ ವಾಪಸು ಬರುತ್ತದೆ.

ನಿಮ್ಮ ಅಳಿಯ


ಆಗಸ್ಟ್ ೮

ಚಿರಂಜೀವಿ ಗಿಲಕಿಗೆ,

ನಿನ್ನ ಅಜ್ಜಿ ಬರೆಯುವುದು. ಈ ಕಾಗದ ನಿನಗೊಬ್ಬಳಿಗೇ, ನಿಮ್ಮಮ್ಮನಿಗೆ ತೋರಿಸಬೇಡ.

ನಿನಗೆ ಆಪರೇಷನ್ ಆಯಿತಂತೆ. ಅಪೆಂಡಿಕ್ಸ್ ಎಡಗಡೆ ಇರುತ್ತದೆ, ನನಗೆ ಗೊತ್ತು. ಪಾಪ, ಹನ್ನೊಂದು ವರ್ಷದ ಕೂಸಿಗೆ ಎಂಥಾ ಕಷ್ಟ. ಆರನೇ ಕ್ಲಾಸಿನ ಪಾಠ ತಪ್ಪಿಹೋಗುತ್ತದೆಂದು ಚಿಂತೆ ಮಾಡಬೇಡ. ನಿನಗೆ ಮೊದಲಿನಿಂದಲೂ ಲೆಕ್ಕ ಎಂದರೆ ಪ್ರಾಣ, ಹೇಗೋ ಸುಧಾರಿಸಿಕೊಳ್ಳುತ್ತೀಯ. ನಿಮ್ಮಪ್ಪ ಬಸ್ಸು ಓಡಿಸುವುದನ್ನು ಬಿಟ್ಟು ಬಂದಿದ್ದಾರಂತೆ, ಒಳ್ಳೆಯದಾಯಿತು. ಗಿಲಕಿ ಅಂತ ನಿನಗೆ ಹೆಸರಿಟ್ಟವರು ಅವರೇ ಅಲ್ಲವೇ?

ನೀನು ಹುಟ್ಟಿದಾಗ ಅಳಲೇ ಇಲ್ಲ. ಎರಡು ವರ್ಷ ಒಂದು ಸದ್ದಿಲ್ಲ. ನಿನ್ನಷ್ಟು ಮೂಕ ಮಗುವನ್ನು ನಾನು ನೋಡಿಲ್ಲ.

ನಿಮ್ಮಮ್ಮನ ಬಗ್ಗೆ ನೀನು ಸಿಟ್ಟಾಗಿರುವುದು ಸರಿ. ಅವಳಿಗೆ ನಿನ್ನ ನೋವು ಎಷ್ಟಿದೆ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಅವಳಿಗೆ ಯಾರ ಚಿಂತೆಯೂ ಇಲ್ಲ, ಕನ್ನಡಕದ ಗಾಜಿನದೊಂದೇ ಚಿಂತೆ. ಅಂಥವಳ ಜೊತೆ ಮಾತಾಡದಿರುವುದೇ ಮೇಲು.

ಒಬ್ಬಳೇ ಮೊಮ್ಮಗಳ,
ಅಜ್ಜಿ


ಆಗಸ್ಟ್ ೧೩

ಅಜ್ಜಿ,

ನಿನ್ನ ಕಾಗದದಲ್ಲಿ ಬರೀ ತಪ್ಪು. ಅಪ್ಪ ನನ್ನ ಕೈಗೆ ಪೆನ್ಸಿಲ್ ಕೊಟ್ಟು ಹೊರಗೆ ಕೂತಿದ್ದಾರೆ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ.

ಅಪೆಂಡಿಕ್ಸ್ ಬಲಗಡೆ. ನನಗೆ ಹದಿಮೂರು. ಎಂಟನೇ ಕ್ಲಾಸು. ಲೆಕ್ಕ ಕಂಡರೆ ನನಗೆ ಆಗಲ್ಲ, ಅದು ಇಡೀ ಶಾಲೆಗೇ ಗೊತ್ತು. ಅಪ್ಪ ಓಡಿಸೋದು ಲಾರಿ. ಹೆಸರಿಟ್ಟಿದ್ದು ನೀನು. ನಾನು ಹುಟ್ಟಿದಾಗ ಅತ್ತಿದ್ದಕ್ಕೆ ಪಕ್ಕದ ವಾರ್ಡಿನವರು ಎದ್ದು ಬಂದಿದ್ದರಂತೆ, ನೀನೇ ಹೇಳಿದ್ದು. ನೀನು ಬೇಕು ಅಂತಲೇ ತಪ್ಪು ಬರೆದಿದ್ದೀಯ. ಅಮ್ಮನೂ ಸ್ವೆಟರ್ ಉಲ್ಟಾ ಹಾಕಿಕೊಂಡಳು. ನನಗೇನು ಅಷ್ಟೂ ಗೊತ್ತಾಗಲ್ವಾ?

ಆದರೆ ಅಮ್ಮನ ವಿಷಯ ಬರೆದದ್ದು ದೊಡ್ಡ ತಪ್ಪು. ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ನೋವು ತುಂಬಾ ಇತ್ತು ಅಜ್ಜಿ. ಅವಳು ಬಂದು ಕೇಳಿದರೆ ಹೇಳೋಣ ಅಂತ ಬಾಗಿಲ ಹಿಂದೇನೇ ಕೂತಿದ್ದೆ. ಹೆಜ್ಜೆ ಸದ್ದು ಹತ್ತಿರ ಬಂತು. ಈಗ ಕೇಳ್ತಾಳೆ ಅಂದುಕೊಂಡೆ. ಬಿಸಿನೀರಿನ ಚೀಲ ಇಟ್ಟು ಹೋದಳು.

ಇದನ್ನು ಅವಳಿಗೆ ಬರೆಯಬೇಡ. ಇನ್ನೊಂದು ಇದೆ, ಅದನ್ನು ನಿನಗೂ ಬರೆಯಲ್ಲ.

ಗಿಲಕಿ


ಆಗಸ್ಟ್ ೧೫

ಗಿಲಕಿ,

ಇನ್ನೊಂದು ಏನು? ನನಗೆ ಬರೆಯಬೇಡ. ಕಾಗದ ಬಂದು ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ, ನನ್ನ ಮಾತು ಕೇಳು. ಎದುರಿಗೆ ಯಾರಿದ್ದಾರೋ ಅವರಿಗೆ ಹೇಳು. ನಿಮ್ಮಮ್ಮ ಇದ್ದರೆ ನಿಮ್ಮಮ್ಮನಿಗೇ ಹೇಳು. ಬೈದಾದರೂ ಹೇಳು, ಕೂಗಿಯಾದರೂ ಹೇಳು. ಇದರಲ್ಲಿ ಒಂದು ತಪ್ಪೂ ಇಲ್ಲ.

ಅಜ್ಜಿ


ಆಗಸ್ಟ್ ೨೪

ಅಮ್ಮ,

ಇವತ್ತು ಪೆನ್ನು ಹಿಡಿಯಲು ಆಯಿತು, ಬರೆಯಲು ಕೂತೆ. ಮೊದಲು ಇದನ್ನು ಓದಿಕೋ: ಜ್ವರ ಇಳಿದಿದೆ, ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿದ್ದಾರೆ. ಈಗ ನಿಧಾನವಾಗಿ ಓದು.

ಆಪರೇಷನ್ ಆದ ಮೇಲೂ ಜ್ವರ ಬಿಡಲಿಲ್ಲ. ಬೆಳಿಗ್ಗೆ ಇಳಿಯುವುದು, ಸಂಜೆ ಏರುವುದು. ಡಾಕ್ಟರು ದಿನವೂ ಹೊಟ್ಟೆ ಒತ್ತಿ "ಇಲ್ಲಿ ನೋವಿದ್ಯಾ? ಇಲ್ಲಿ?" ಎಂದು ಕೇಳುವರು, ಅವಳು ಹಲ್ಲು ಕಚ್ಚಿಕೊಂಡು ಇಲ್ಲವೆಂದು ತಲೆಯಾಡಿಸುವಳು. "ನೀವು ಸ್ವಲ್ಪ ಹೊರಗ್ ಇರಿ, ನೀವಿದ್ರೆ ಹೇಳಲ್ವೇನೋ" ಎಂದು ನನ್ನನ್ನು ಒಂದು ದಿನ ಆಚೆ ಕಳಿಸಿದರು. ತಾಯಿ ಎದುರಿಗಿದ್ದರೆ ಮಗು ನೋವು ಹೇಳುವುದಿಲ್ಲ ಎಂದು ಪರರು ಗುರುತಿಸುವ ಹಾಗಾಯಿತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ದೇವರೇ, ಬಿತ್ತಿದವಳು ನಾನು, ಕೊಯ್ಲು ಅವಳ ಹೊಟ್ಟೆಯಲ್ಲೇಕೆ ಮಾಡುತ್ತೀಯ ಎಂದು ಜಗಳವಾಡಿದೆ.

ನಿನ್ನ ಕೊನೆಯ ಕಾಗದ ಬಂದ ದಿನ ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಅದನ್ನು ಓದಿ ದಿಂಬಿನ ಕೆಳಗೆ ಇಟ್ಟಳು. ನಾನು ಚಮಚ ಮುಂದೆ ಹಿಡಿದೆ. ಬಾಯಿ ತೆರೆಯಲಿಲ್ಲ. ನಾನೂ ಸುಮ್ಮನೆ ಹಿಡಿದುಕೊಂಡೇ ಇದ್ದೆ. ಇದ್ದಕ್ಕಿದ್ದಂತೆ ಚಮಚವನ್ನು ಕೈಯಿಂದ ತಳ್ಳಿದಳು, ಗಂಜಿ ನನ್ನ ಮೈಮೇಲೆಲ್ಲ ಚೆಲ್ಲಿತು.

"ಒಂದು ವಾರ ನೀನು ನನ್ ಮುಖಾನೇ ನೋಡ್ಲಿಲ್ಲ!" ಎಂದು ಕಿರುಚಿದಳು. "ಸಾರಿ ಅಂದೆ, ಅತ್ತೆ, ಆದ್ರೂ ನೋಡ್ಲಿಲ್ಲ. ನಾನು ಸತ್ತೋಗಿದ್ರೆ ಆಗಾದ್ರೂ ಮಾತಾಡ್ತಿದ್ಯಾ?"

ಇಡೀ ವಾರ್ಡು ನಮ್ಮ ಕಡೆ ತಿರುಗಿತು. ಅಮ್ಮ, ಆಗ ಏನಾಯಿತೆಂದು ನಿನಗೆ ಮಾತ್ರ ಅರ್ಥವಾಗುತ್ತದೆ. ಅಷ್ಟು ದಿನ ಒಂದು ಮಾತಿಗೆ ಹಂಬಲಿಸಿದವಳು ನಾನು. ಮಾತು ಬಂದಾಗ ನನ್ನ ತುಟಿ ತಾನಾಗಿ ಒಳಕ್ಕೆ ಹೋಯಿತು. ಇಷ್ಟು ಜನರ ಎದುರು ಮರ್ಯಾದೆ ತೆಗೆದಳಲ್ಲ ಎಂದು ಆ ಹಳೆಯ ಉರಿ ಎದ್ದಿತು. ಎದ್ದು, ಬಟ್ಟೆ ಒರೆಸಿಕೊಂಡು, ಹೊರಗೆ ಹೋಗಬೇಕು ಅನ್ನಿಸಿತು. ಎದ್ದೇಬಿಟ್ಟಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಈಗ ಬಾಗಿಲು ದಾಟಿದರೆ ಇವಳು ಇನ್ನು ಈ ಜನ್ಮದಲ್ಲಿ ನನಗೆ ಏನನ್ನೂ ಹೇಳುವುದಿಲ್ಲ ಎಂದು ಗೊತ್ತಾಯಿತು.

"ತಪ್ಪು ನಂದೇ ಕಣೇ! ಆದ್ರೆ ನೀನೂ ಏನ್ ಕಮ್ಮಿ ಇಲ್ಲ!" ಎಂದು ನಾನೂ ಕಿರುಚಿದೆ. "ಎಲ್ಲರ ಎದುರು ಗೊರಕೆ ಅಂತ ಹೇಳ್ದೆ. ಪ್ರಾಣ ಹೋಗೋ ಹಾಗಿದ್ರೂ ಬಾಯಿ ಬಿಡ್ಲಿಲ್ಲ. ನಾನೇನು ನಿನ್ ಹೊಟ್ಟೆ ಒಳಗೆ ಹೊಕ್ಕು ನೋಡ್ಲಾ?"

"ಕೇಳ್ಬೇಕಿತ್ತು!"

"ಕೇಳ್ತಿದೀನಿ, ಈಗ ಕೇಳ್ತಿದೀನಿ! ನೋವಿದ್ಯಾ?"

"ಇದೆ!" ಎಂದಳು. ಹೊಟ್ಟೆಯ ಕೆಳಗೆ, ಹೊಲಿಗೆಗಿಂತ ಆಚೆ, ಕೈ ಇಟ್ಟು ಅತ್ತಳು. "ಇಲ್ಲಿ. ತುಂಬಾ ದಿನದಿಂದ ಇದೆ. ಹೇಳಿದ್ರೆ ಮತ್ತೆ ಕುಯ್ತಾರೆ ಅಂತ ಹೇಳ್ಲಿಲ್ಲ."

ನಾನು ಓಡಿದೆ. ಒಳಗೆ ಇನ್ನೊಂದು ಕಡೆ ಕೀವು ಕಟ್ಟಿತ್ತಂತೆ. ಅವತ್ತೇ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ರಕ್ತಕ್ಕೆ ಸೇರುತ್ತಿತ್ತು ಎಂದರು. 

ನೋಡಲು ಬಂದ ಸಭಾಪಾಲಕರಿಗೆ ಎಲ್ಲವನ್ನೂ ಹೇಳಿದೆ. ನೀವು ಹೇಳಿದ ಹಾಗೆಯೇ ಬೆಳೆ ಬಂತು ಅಯ್ಯಾ, ಆದರೆ ಅದನ್ನು ಕೊಯ್ಯುತ್ತಿರುವಾಗಲೇ ಬೇರೆ ಬೀಜ ಹಾಕಲೂ ಬಿಡುತ್ತಾನೆ ದೇವರು, ಅದನ್ನು ನೀವು ಪ್ರಸಂಗದಲ್ಲಿ ಸೇರಿಸಲಿಲ್ಲ ಎಂದೆ. ಅವರು, "ಅವತ್ತು ನೀವು ಎಚ್ಚರ ಇದ್ರಲ್ಲ, ಅದೇ ದೊಡ್ಡದು" ಎಂದರು. ಗಿಲಕಿ ನಕ್ಕಳು. ಹೊಲಿಗೆ ಎಳೆಯಿತು ಎಂದು ನನಗೇ ಬೈದಳು.

ಈಗ ಇಲ್ಲಿ ವಾರ್ಡಿನಲ್ಲಿ ನಮ್ಮಿಬ್ಬರಿಗೂ ದಿನವೂ ಜಗಳ. ಬಾಚಣಿಗೆಗೆ, ಮಾತ್ರೆಗೆ, ಕಿಟಕಿ ತೆಗೆಯುವುದಕ್ಕೆ. ನರ್ಸು ನಿನ್ನೆ, "ಅಮ್ಮಾ ಮಗಳೇ, ಪಕ್ಕದ ಪೇಷೆಂಟು ಮಲಗ್ಬೇಕು" ಎಂದು ಗದರಿಸಿದರು. ಜಗಳ ಹೇಗೆ ಆಡಬೇಕೆಂದು ನನಗೆ ಸರಿಯಾಗಿ ಗೊತ್ತಿಲ್ಲ ಅಮ್ಮ, ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತಿಲ್ಲ. ಸಂಜೆ ಅವಳ ಮುಖ ಸ್ವಲ್ಪ ಬಾಡಿದರೂ ಎದೆ ಹಾರುತ್ತದೆ. ಮತ್ತೆ ನುಂಗಿಕೊಂಡಳೇ? ಏನಾದರೂ ಉಳಿದಿದೆಯೇ? ಆಗ ಹೋಗಿ ಕೇಳುತ್ತೇನೆ. ತಲೆ ತಿನ್ನಬೇಡ ಎನ್ನುತ್ತಾಳೆ. ಆದರೂ ಕೇಳುತ್ತೇನೆ.

ಶನಿವಾರ ಇವರು ಲಾರಿ ತೆಗೆದುಕೊಂಡು ನಿನ್ನ ಊರಿನ ಕಡೆ ಬರುತ್ತಾರೆ. ಮುಂದಿನ ಸೀಟು ಮೆತ್ತಗಿದೆ, ಮಂಡಿ ಮಡಚಬೇಕಾಗಿಲ್ಲ. ಕೂತು ಬಂದುಬಿಡು. ನೀನು ಅಪ್ಪನ ಜೊತೆ ಮಾತು ಬಿಟ್ಟಾಗಲೆಲ್ಲ ನಾನು ಎರಡು ಕಡೆ ಓಡಾಡುತ್ತಿದ್ದೆನಲ್ಲ, ಆಗ ನನಗೆ ಏನಾಗುತ್ತಿತ್ತು ಎಂದು ನಿನಗೆ ಒಂದು ದಿನವೂ ಹೇಳಿಲ್ಲ. ಈ ಸಲ ಹೇಳುತ್ತೇನೆ. ಕಾಗದದಲ್ಲಿ ಬರೆಯುವುದಿಲ್ಲ. ನಿನ್ನ ಸ್ವಲ್ಪವಾದರೂ ಕೇಳಿಸುವ ಕಿವಿಯ ಪಕ್ಕ ಕೂತು ಜೋರಾಗಿ ಹೇಳುತ್ತೇನೆ, ನೀನೂ ಜೋರಾಗಿ ಉತ್ತರ ಕೊಡು.

ನನಗೆ ತುಂಬಾ ಸಿಟ್ಟಿದೆ ಅಮ್ಮ. ಬೇಗ ಬಾ.

ನಿನ್ನ ಮಗಳು